ಶೀಟ್ ಅಂಗಡಿಯ ವೆಬ್‌ಸೈಟಿಗೆ ಮಳೆಗಾಲದ ಮುಂಚಿನ ರಿಪೇರಿ

ಕರಾವಳಿಯಲ್ಲಿ ರೂಫಿಂಗ್ ಶೀಟಿನ ಕೆಲಸಕ್ಕೆ ಎಡೆಬಿಡದ ಕರೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಟೆರೇಸಿನಲ್ಲಿ ವೆಲ್ಡಿಂಗ್ ಮಾಡುವುದೇ ಕಷ್ಟ. ವೆಬ್‌ಸೈಟಿನಲ್ಲಿ ಇವತ್ತು ಮಾಡಿದ ಬದಲಾವಣೆ ಗೂಗಲ್ ಹುಡುಕಾಟದಲ್ಲಿ ಫಲ ಕೊಡಲು ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದಕ್ಕೇ ಮಂಗಳೂರಿನ ಬೈಕಂಪಾಡಿಯ ಶೀಟ್ ಅಂಗಡಿಯೊಂದರ ಸೈಟ್ ರಿಪೇರಿಗೆ ನಾವು ಕುಳಿತದ್ದು ಜನವರಿಯಲ್ಲಿ. ಮೇ ತಿಂಗಳಲ್ಲಿ ಕರೆದಿದ್ದರೆ ಈ ವರ್ಷಕ್ಕೆ ಬೇಡ ಎನ್ನಬೇಕಾಗುತ್ತಿತ್ತು.

"ಸೈಟ್ ಮಾಡಿ ವರ್ಷ ಆಯ್ತು ಮಾರಾಯ್ರೆ, ಒಂದು ಫೋನ್ ಇಲ್ಲ. ಮೇಲೆ ಬರ್ಲಿಕ್ಕೆ ಎಷ್ಟು ಖರ್ಚು ಉಂಟು?" ಎಂದರು ಮಾಲೀಕರು. ಮೇಲೆ ಬರುವುದು ಹಾಗಿರಲಿ, ಸೈಟ್ ಗೂಗಲಿನ ಪಟ್ಟಿಯೊಳಗೆ ಉಂಟೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಹುಡುಕುವ ಜಾಗದಲ್ಲಿ 'ಸೈಟ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಡೊಮೇನ್ ಹೆಸರು ಹಾಕಿದರೆ ಗೂಗಲ್ ಬಳಿ ಇರುವ ಆ ಸೈಟಿನ ಪುಟಗಳು ಕಾಣಬೇಕು. ಇಲ್ಲಿ ಒಂದೂ ಇರಲಿಲ್ಲ. ಇಂಥ ಸೈಟಿಗೆ ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟುಗಳಿಂದ ಬರುವ ಲಿಂಕ್, ಪ್ಯಾಕೇಜ್ ಮಾಡಿ ಮಾರಲು ಬರುವವರ ಫೋನ್ ಮಾತ್ರ ಎಡೆಬಿಡದೆ ಬರುತ್ತದೆ.

ಕಾರಣ ತಿಳಿಯಲು ಸರ್ಚ್ ಕನ್ಸೋಲ್ ಬೇಕು. ಹುಡುಕಾಟದಲ್ಲಿ ಸೈಟಿನ ಸ್ಥಿತಿ ತೋರಿಸುವ ಗೂಗಲಿನ ಸಾಧನ ಅದು, ಉಚಿತ. ಅಲ್ಲಿ ಡೊಮೇನ್ ಪ್ರಾಪರ್ಟಿ ಎಂಬುದನ್ನೇ ಆರಿಸುವುದು ಒಳ್ಳೆಯದು. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸ, ಇಲ್ಲದ ವಿಳಾಸ, ಎಲ್ಲದರ ಲೆಕ್ಕ ಒಂದೇ ಕಡೆ ಸಿಗುತ್ತದೆ. ಅದಕ್ಕೆ ಡೊಮೇನ್ ನಮ್ಮದೇ ಎಂದು ತೋರಿಸಲು, ಡಿಎನ್‌ಎಸ್ ಎಂಬ ಡೊಮೇನಿನ ವಿಳಾಸ ದಾಖಲೆಗಳಲ್ಲಿ ಗೂಗಲ್ ಕೊಡುವ ಒಂದು ಟಿಎಕ್ಸ್‌ಟಿ (ಪಠ್ಯ) ದಾಖಲೆ ಸೇರಿಸಬೇಕು. ಕೆಲಸ ಸಿಕ್ಕಿಬೀಳುವುದು ಇಲ್ಲೇ. ಸಣ್ಣ ವ್ಯಾಪಾರಗಳಲ್ಲಿ ಡೊಮೇನ್ ಸಾಮಾನ್ಯವಾಗಿ ಸೈಟ್ ಮಾಡಿಕೊಟ್ಟವರ ಇಮೇಲ್‌ನಲ್ಲಿ ನೋಂದಣಿಯಾಗಿರುತ್ತದೆ, ಪಾಸ್‌ವರ್ಡ್ ಅವರ ಹತ್ತಿರವೇ ಇರುತ್ತದೆ. ಅಂಗಡಿಯ ಬೋರ್ಡು ಬೇರೆಯವರ ಹೆಸರಿನಲ್ಲಿದ್ದ ಹಾಗೆ. ಮಾಲೀಕರ ಮಗ ಫೋನ್ ಮಾಡಿ ಲಾಗಿನ್ ಪಡೆಯುವಷ್ಟರಲ್ಲಿ ಬೆಳಗ್ಗಿನ ಹೊತ್ತು ಕಳೆಯಿತು. ಲಾಗಿನ್ ಸಿಗದಿದ್ದರೆ ಒಂದೇ ವಿಳಾಸದ ಲೆಕ್ಕ ಕೊಡುವ ಯುಆರ್‌ಎಲ್ ಪ್ರಿಫಿಕ್ಸ್ ಆರಿಸಿ, ಸೈಟಿಗೆ ಗೂಗಲ್ ಕೊಡುವ ಎಚ್‌ಟಿಎಂಎಲ್ ಫೈಲ್ ಹಾಕಿಯೂ ದೃಢೀಕರಿಸಬಹುದು.

ಸರ್ಚ್ ಕನ್ಸೋಲಿನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಮುಖಪುಟದ ವಿಳಾಸ ಹಾಕಿದಾಗ ಉತ್ತರ ಬಂತು: ನೋಇಂಡೆಕ್ಸ್ ಟ್ಯಾಗಿನಿಂದಾಗಿ ಹೊರಗಿಡಲಾಗಿದೆ. ಈ ಪುಟ ಪಟ್ಟಿಗೆ ಬೇಡ ಎಂದು ಸರ್ಚ್ ಎಂಜಿನ್‌ಗೆ ಹೇಳುವ ಗುರುತು ಅದು. ಸೈಟ್ ಕಟ್ಟಿದ್ದ ತಂತ್ರಾಂಶ ವರ್ಡ್‌ಪ್ರೆಸ್. ಅದರ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್, ಅಲ್ಲಿ ಕೊನೆಗೆ ಸರ್ಚ್ ಎಂಜಿನ್‌ಗಳು ಈ ಸೈಟನ್ನು ಪಟ್ಟಿ ಮಾಡದಿರಲಿ ಎಂಬ ಅರ್ಥದ ಒಂದು ಚೌಕ ಇದೆ. ಸೈಟ್ ಕಟ್ಟುವಾಗ ಅರೆಬರೆ ಪುಟಗಳು ಹೊರಗೆ ಕಾಣದಿರಲೆಂದು ಅದಕ್ಕೆ ಟಿಕ್ ಹಾಕುತ್ತಾರೆ. ಸೈಟ್ ಬಿಡುಗಡೆಯ ದಿನ ತೆಗೆಯುವುದು ಮರೆಯುತ್ತದೆ. ವರ್ಷವಿಡೀ ಫೋನ್ ಬಾರದ್ದಕ್ಕೆ ಕಾರಣ ಆ ಒಂದು ಟಿಕ್.

ಟಿಕ್ ತೆಗೆದು ಸೇವ್ ಮಾಡಿದರೂ ಪುಟದ ಸೋರ್ಸ್‌ನಲ್ಲಿ, ಅಂದರೆ ಹಿಂದಿನ ಕೋಡ್‌ನಲ್ಲಿ, ನೋಇಂಡೆಕ್ಸ್ ಹಾಗೆಯೇ ಇತ್ತು. ಪುಟ ಬೇಗ ತೆರೆಯಲೆಂದು ಪ್ರತಿ ಉಳಿಸಿಡುವ ಕ್ಯಾಶ್ ಪ್ಲಗಿನ್ ಹಳೆಯ ಪ್ರತಿಯನ್ನೇ ಬಡಿಸುತ್ತಿತ್ತು. ಅದನ್ನು ಖಾಲಿ ಮಾಡಿ, ಲೈವ್ ಟೆಸ್ಟ್ ಒತ್ತಿ, ಸರಿಯಾದದ್ದು ಖಾತ್ರಿಯಾದ ಮೇಲೆ ಪಟ್ಟಿಗೆ ಸೇರಿಸಿ ಎಂದು ಕೇಳುವ ರಿಕ್ವೆಸ್ಟ್ ಇಂಡೆಕ್ಸಿಂಗ್ ಕೊಡಬೇಕು. ಆ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಬೇಗ ಆಗುವುದಿಲ್ಲ, ದಿನದ ಮಿತಿ ಮುಗಿಯುತ್ತದೆ ಅಷ್ಟೆ. ಯಾವ ಪುಟ ಓದಬಹುದು, ಯಾವುದು ಬೇಡ ಎಂದು ಸರ್ಚ್ ಎಂಜಿನ್‌ಗೆ ಹೇಳುವ ರೋಬೋಟ್ಸ್ ಫೈಲಿನ ಬಗ್ಗೆಯೂ ಒಂದು ಗೊಂದಲ ಸಾಮಾನ್ಯ. ಪುಟ ಗೂಗಲಿನಲ್ಲಿ ಬರಬಾರದೆಂದು ಕೆಲವರು ಅಲ್ಲಿ ತಡೆ ಹಾಕುತ್ತಾರೆ. ತಡೆ ಇದ್ದರೆ ಗೂಗಲ್ ಪುಟವನ್ನು ಓದುವುದೇ ಇಲ್ಲ, ಆದ್ದರಿಂದ ಒಳಗಿರುವ ನೋಇಂಡೆಕ್ಸ್ ಕೂಡ ಅದಕ್ಕೆ ಕಾಣುವುದಿಲ್ಲ. ಬೇರೆ ಕಡೆಯ ಲಿಂಕ್ ಹಿಡಿದು ಬರಿಯ ವಿಳಾಸ ಫಲಿತಾಂಶದಲ್ಲಿ ಬಂದುಬಿಡಬಹುದು. ಸೈಟಿನ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಗೂಗಲಿಗೆ ಸಲ್ಲಿಸುವುದು ಸುಲಭ: 2020ರ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಅದನ್ನು ತಯಾರಿಸುತ್ತದೆ.

ಮಧ್ಯಾಹ್ನದ ಮೇಲೆ ಪುಟಗಳೊಳಗಿನ ಬರಹ. ಕನ್ನಡ ಪುಟದಲ್ಲಿ ದೊಡ್ಡ ತೊಂದರೆ ಇತ್ತು, ಇದು ಕನ್ನಡ ಸೈಟುಗಳದ್ದೇ ಕಾಯಿಲೆ. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಹ್ಯಾಂಡ್‌ಬಿಲ್‌ಗೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿ, ಅದೇ ಫಾಂಟನ್ನು ಸೈಟಿಗೆ ಜೋಡಿಸಿದ್ದರು. ಕಣ್ಣಿಗೆ ಚೆಂದದ ಕನ್ನಡ. ಗೂಗಲಿಗೆ ಕಾಣುವುದು ಫಾಂಟ್ ಅಲ್ಲ, ಅದರ ಹಿಂದಿನ ಅಕ್ಷರಸಂಕೇತ. ಅಲ್ಲಿ ಇದ್ದದ್ದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ರಾಶಿ. ಪರೀಕ್ಷೆ ಹೀಗೆ: ಪುಟದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಎಲ್ಲ ಕಡೆ ನಡೆಯುವ ಅಕ್ಷರಸಂಕೇತವಾದ ಯೂನಿಕೋಡ್, ಕಲಸುಮೇಲೋಗರವಾಗಿ ಬಂದರೆ ಹಳೆಯ ಫಾಂಟ್. ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಿರುಗಿಸಿದ ಮೇಲೂ ಅರ್ಕಾವೊತ್ತು, ಒತ್ತಕ್ಷರಗಳನ್ನು ಕಣ್ಣಾರೆ ಓದಿ ತಿದ್ದಬೇಕು. ದರಪಟ್ಟಿಯನ್ನು ಚಿತ್ರ ಮಾಡಿ ಹಾಕಿದ್ದರು. ಅದನ್ನೂ ಅಕ್ಷರಕ್ಕೆ ಇಳಿಸಬೇಕಾಯಿತು.

ಕನ್ನಡಕ್ಕೆ ಒಂದು ಪುಟ, ಇಂಗ್ಲಿಷಿಗೆ ಬೇರೆ ಪುಟ, ಎರಡಕ್ಕೂ ಬೇರೆ ವಿಳಾಸ. ಎರಡೂ ಪುಟಗಳಲ್ಲಿ, ಇದೇ ಪುಟ ಬೇರೆ ಭಾಷೆಯಲ್ಲಿ ಎಲ್ಲಿದೆ ಎಂದು ಹೇಳುವ ಎಚ್‌ರೆಫ್‌ಲ್ಯಾಂಗ್ ಟ್ಯಾಗ್ ಒಂದನ್ನೊಂದು ತೋರಿಸಬೇಕು. ಒಂದರಲ್ಲಿ ಮಾತ್ರ ಹಾಕಿದರೆ ಗೂಗಲ್ ಪರಿಗಣಿಸುವುದಿಲ್ಲ. ಒತ್ತಿದರೆ ಭಾಷೆ ಬದಲಾಗುವ ಅನುವಾದದ ಗುಂಡಿ ಹೊಸ ಪುಟ ಸೃಷ್ಟಿಸುವುದಿಲ್ಲ, ಹಾಗಾಗಿ ಹುಡುಕಾಟಕ್ಕೆ ಅದರಿಂದ ಪ್ರಯೋಜನವಿಲ್ಲ. ವಿಳಾಸದಲ್ಲಿ ಕನ್ನಡ ಅಕ್ಷರ ನಡೆಯುತ್ತದೆ, ಆದರೆ ಕಾಪಿ ಮಾಡಿ ಕಳಿಸಿದಾಗ ಶೇಕಡಾ ಚಿಹ್ನೆಗಳ ಉದ್ದ ಬಾಲವಾಗುತ್ತದೆ. ವಿಳಾಸ ಇಂಗ್ಲಿಷ್ ಅಕ್ಷರದಲ್ಲೇ ಇರಲಿ ಎಂಬುದು ನಮ್ಮ ಅಭಿಪ್ರಾಯ.

ಮುಖಪುಟದ ಶೀರ್ಷಿಕೆ 'ಹೋಮ್' ಎಂದಿತ್ತು. ಏನು ಬರೆಯಬೇಕೆಂಬುದಕ್ಕೆ ದುಬಾರಿ ಕೀವರ್ಡ್ ಟೂಲ್ ಬೇಡ, ಅಂಗಡಿಯ ವಾಟ್ಸಾಪ್ ತೆರೆದರೆ ಸಾಕು. ಟೆರೇಸಿಗೆ ಶೀಟ್ ಹಾಕಲು ಚದರ ಅಡಿಗೆ ಎಷ್ಟು, ಸಮುದ್ರದ ಹತ್ತಿರ ಯಾವ ಶೀಟ್ ಬಾಳುತ್ತದೆ, ಸ್ಕ್ರೂ ಹಾಕಿದಲ್ಲಿ ನೀರು ಸೋರುವುದಕ್ಕೆ ಏನು ಮಾಡುವುದು: ಜನ ಕೇಳುವುದು ಇದನ್ನೇ. ಶೀರ್ಷಿಕೆಯಲ್ಲಿ ಕೆಲಸದ ಹೆಸರು ಮೊದಲು, ಊರು ಆಮೇಲೆ, ಅಂಗಡಿಯ ಹೆಸರು ಕೊನೆಗೆ. ಮೊಬೈಲಿನಲ್ಲಿ ಉದ್ದದ ಶೀರ್ಷಿಕೆ ತುಂಡಾದರೂ ಮುಖ್ಯ ಮಾತು ಉಳಿಯುತ್ತದೆ. ಸರಕಾರಿ ದಾಖಲೆಯಲ್ಲಿ ಊರಿನ ಇಂಗ್ಲಿಷ್ ಹೆಸರೂ 2014ರ ನವೆಂಬರಿನಲ್ಲೇ ಮಂಗಳೂರು ಆದರೂ ಇಂಗ್ಲಿಷಿನಲ್ಲಿ ಹುಡುಕುವವರು ಇನ್ನೂ ಮ್ಯಾಂಗಲೋರ್ ಎಂದು ಬರೆಯುತ್ತಾರೆ. ಇಂಗ್ಲಿಷ್ ಪುಟದಲ್ಲಿ ಎರಡೂ ರೂಪ ಸಹಜವಾಗಿ ಬಂದರೆ ಸಾಕು, ಎರಡಕ್ಕೆ ಎರಡು ಪುಟ ಬೇಡ. ಓದುಗರಿಗೆ ಕಾಣದ ಮೆಟಾ ಕೀವರ್ಡ್ಸ್ ಎಂಬ ಜಾಗದಲ್ಲಿ ತುಂಬಿಸಿಟ್ಟಿದ್ದ ಹುಡುಕಾಟದ ಪದಗಳನ್ನು ಮುಟ್ಟಲೂ ಇಲ್ಲ. ರ‍್ಯಾಂಕಿಂಗಿಗೆ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ.

"ಸುರತ್ಕಲ್, ಮೂಡುಬಿದಿರೆ, ಬಂಟ್ವಾಳ, ಪುತ್ತೂರು, ಎಲ್ಲದಕ್ಕೂ ಒಂದೊಂದು ಪುಟ ಮಾಡುವ ಅಲ್ವಾ?" ಎಂದ ಮಗ. ಊರಿನ ಹೆಸರು ಮಾತ್ರ ಬದಲಿಸಿ ಅದೇ ಬರಹ ಹಾಕಿದ ಪುಟಗಳನ್ನು ಗೂಗಲಿನ ಸ್ಪ್ಯಾಮ್ ನಿಯಮ ಡೋರ್‌ವೇ ಎಂದು ಕರೆಯುತ್ತದೆ. ಇಡೀ ಸೈಟ್ ಕೆಳಗೆ ಬೀಳಬಹುದು. ಅದರ ಬದಲು ಮುಗಿಸಿದ ಕೆಲಸಕ್ಕೊಂದು ಪುಟ ಮಾಡುವುದು ಲೇಸು: ಎಷ್ಟು ಚದರ ಅಡಿ, ಶೀಟಿನ ದಪ್ಪ ಎಷ್ಟು ಮಿಲಿಮೀಟರ್, ಪೈಪಿನ ಅಳತೆ, ಉಪ್ಪುಗಾಳಿಗೆ ಯಾವ ಪ್ರೈಮರ್, ಸ್ಕ್ರೂವಿನ ರಬ್ಬರ್ ವಾಷರ್ ಯಾಕೆ ಬಿಗಿ ಮೀರಬಾರದು. ಸುರತ್ಕಲ್‌ನ ಸಮುದ್ರದ ಬದಿಯ ಮನೆಗೂ ಪುತ್ತೂರಿನ ಅಡಿಕೆ ಅಂಗಳಕ್ಕೂ ಬೇಕಾದ ವಿವರ ಬೇರೆ. ಊರಿನ ಹೆಸರು ಅಲ್ಲಿ ತಾನಾಗಿ ಬರುತ್ತದೆ.

ವೇಗದ ವಿಷಯಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಫೋನಿನಲ್ಲಿ ತೆಗೆದ 4 ಎಂಬಿಯ ಫೋಟೋಗಳೇ ಸ್ಲೈಡರ್‌ನಲ್ಲಿದ್ದವು. ಸ್ಲೈಡರ್ ತೆಗೆದು ಒಂದೇ ಫೋಟೋ ಇಟ್ಟು, ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ಕಡಿಮೆ ಜಾಗ ಹಿಡಿಯುವ ವೆಬ್‌ಪಿ ರೂಪಕ್ಕೆ ತಂದಾಗ 200 ಕೆಬಿಯೊಳಗೆ ಬಂತು. ಮೊದಲ ಫೋಟೋಕ್ಕೆ ಲೇಜಿ ಲೋಡ್, ಅಂದರೆ ಪುಟ ಸರಿಸಿ ಹತ್ತಿರ ಬಂದಾಗ ಮಾತ್ರ ಚಿತ್ರ ತೆರೆಯುವ ವ್ಯವಸ್ಥೆ, ಹಾಕಬಾರದು, ಮುಖ್ಯ ಚಿತ್ರ ತಡವಾಗುತ್ತದೆ. ಆ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲಿನ ಅಳತೆ. ವೇಗಕ್ಕೆ ಅಂಕ ಕೊಡುವ ಗೂಗಲಿನ ಪೇಜ್‌ಸ್ಪೀಡ್‌ನಲ್ಲಿ ನೂರಕ್ಕೆ ನೂರು ಬರಬೇಕೆಂದು ದಿನ ಕಳೆಯುವುದು ದಂಡ.

ಶೀಟ್ ಅಂಗಡಿಯಂಥ ವ್ಯಾಪಾರಕ್ಕೆ ಸೈಟಿಗಿಂತ ಹೆಚ್ಚು ಕರೆ ತರಬಲ್ಲದ್ದು ಮ್ಯಾಪಿನಲ್ಲಿ ಕಾಣುವ ಗೂಗಲ್ ಬಿಸಿನೆಸ್ ಪ್ರೊಫೈಲ್. ಇಲ್ಲಿ ಪಿನ್ ರಾಷ್ಟ್ರೀಯ ಹೆದ್ದಾರಿ 66ರ ಆಚೆ ಬದಿಯಲ್ಲಿತ್ತು. ಗಿರಾಕಿ ಯೂಟರ್ನ್ ಹುಡುಕಿ ಹೋಗಬೇಕಿತ್ತು. ಹೆಸರಿನ ಜಾಗದಲ್ಲಿ ಅಂಗಡಿಯ ಹೆಸರಿನ ಜೊತೆ 'ಬೆಸ್ಟ್ ರೂಫಿಂಗ್ ಮ್ಯಾಂಗಲೋರ್' ಎಂದು ಸೇರಿಸಿದ್ದರು. ಬೋರ್ಡಿನಲ್ಲಿ ಇಲ್ಲದ ಪದ ಅಲ್ಲಿ ಇದ್ದರೆ ಪ್ರೊಫೈಲ್ ಅಮಾನತಾಗುವ ಅಪಾಯ ಉಂಟು. ಮುಖ್ಯ ವರ್ಗ ರೂಫಿಂಗ್ ಕಾಂಟ್ರಾಕ್ಟರ್ ಎಂದು ಬದಲಾಯಿತು. ಸೇವೆ ಕೊಡುವ ಪ್ರದೇಶಗಳನ್ನು 20ರವರೆಗೆ ಸೇರಿಸಬಹುದು, ಆದರೆ ಪಟ್ಟಿ ಉದ್ದವಾದಷ್ಟಕ್ಕೆ ದೂರದ ಊರಿನಲ್ಲಿ ಮೇಲೆ ಬರುವುದಿಲ್ಲ. ಹುಡುಕುವವರಿಂದ ಅಂಗಡಿಗೆ ಇರುವ ದೂರವೂ ಲೆಕ್ಕಕ್ಕೆ ಬರುತ್ತದೆ. ರಿವ್ಯೂ ಬರೆದರೆ ರಿಯಾಯಿತಿ ಎಂಬ ಆಸೆ ತೋರಿಸುವುದು ನಿಯಮಕ್ಕೆ ವಿರುದ್ಧ. ಕೆಲಸ ಮುಗಿದ ದಿನವೇ ಲಿಂಕ್ ಕಳಿಸಿ ಕೇಳಿದರೆ ಬರೆಯುವವರು ಬರೆಯುತ್ತಾರೆ.

ಲೆಕ್ಕ ನೋಡುವಾಗ ಮೇ ತಿಂಗಳನ್ನು ಜುಲೈ ಜೊತೆ ಹೋಲಿಸಿ ಬೇಸರ ಮಾಡಬೇಡಿ ಎಂದು ಮಗನಿಗೆ ಹೇಳಿದ್ದಾಯಿತು. ಸರ್ಚ್ ಕನ್ಸೋಲ್ 16 ತಿಂಗಳ ಅಂಕಿಅಂಶ ಇಟ್ಟುಕೊಳ್ಳುತ್ತದೆ. ಮುಂದಿನ ವರ್ಷದ ಏಪ್ರಿಲನ್ನು ಈ ವರ್ಷದ ಏಪ್ರಿಲ್ ಜೊತೆ ಇಟ್ಟು ನೋಡಬೇಕು. ಹಳೆಯ ವಿಸಿಟಿಂಗ್ ಕಾರ್ಡಿನ ಕ್ಯೂಆರ್ ಕೋಡ್ ಅಳಿಸಿದ ಪುಟವೊಂದಕ್ಕೆ ಹೋಗುತ್ತಿತ್ತು. ಕಟ್ಟುಗಟ್ಟಲೆ ಕಾರ್ಡ್ ಇನ್ನೂ ಮೇಜಿನಲ್ಲಿತ್ತು, ಹಾಗಾಗಿ ಆ ವಿಳಾಸಕ್ಕೆ ಬಂದವರನ್ನು ಹೊಸ ಪುಟದತ್ತ ಶಾಶ್ವತವಾಗಿ ಕಳಿಸುವ ಒಂದು 301 ರೀಡೈರೆಕ್ಟ್ ಹಾಕಿ, ಡೊಮೇನನ್ನು ಮಾಲೀಕರ ಹೆಸರಿಗೆ ವರ್ಗಾಯಿಸುವ ಅರ್ಜಿ ತುಂಬಿಸಿಯಾಯಿತು.