ಗುಬ್ಬಕ್ಕನ ಬಾಗಿಲ ಮುಂದೆ

ಧಾರವಾಡ, 11 ಜುಲೈ 2025, ಶುಕ್ರವಾರ

ಬೆಳಗಿನಿಂದ ಜಿಟಿಜಿಟಿ ಮಳೆ. ಮಳೆಗೆ ಮನೆ ಕಳೆದುಕೊಂಡ ಕಾಗೆ ಗುಬ್ಬಿಯ ಬಾಗಿಲು ಬಡಿಯುವ ಕಾಗಕ್ಕ ಗುಬ್ಬಕ್ಕನ ಕಥೆ ಆಡಿಸಲು ಇಂಥ ದಿನವೇ ಬೇಕಿತ್ತು. ನಲಿಕಲಿ (ಆಡುತ್ತ ಕಲಿಯುವ ಪದ್ಧತಿಯ) ಕೊಠಡಿ, 1ರಿಂದ 3ನೇ ತರಗತಿಯವರು ಒಟ್ಟಿಗೆ, 28 ಮಕ್ಕಳು, 40 ನಿಮಿಷದ ಅವಧಿ. ಕಥೆ ಗೊತ್ತಿಲ್ಲದ ಮಗು ಒಂದೂ ಇಲ್ಲ. ಹೊಸ ಕಥೆಯಾದರೆ ಮಕ್ಕಳು ಮುಂದೇನಾಯಿತೆಂದು ಕೇಳಲು ಕೂರುತ್ತಾರೆ, ಗೊತ್ತಿರುವ ಕಥೆಯಾದರೆ ಆಡಲು ಎದ್ದು ನಿಲ್ಲುತ್ತಾರೆ. ಅದಕ್ಕೇ ಮೊದಲ ನಾಟಕಕ್ಕೆ ಹಳೆಯ ಕಥೆ.

ಒಂದೊಂದು ಮನೆಯಲ್ಲಿ ಒಂದೊಂದು ಥರ ಹೇಳಿರುತ್ತಾರೆ. ಕೆಲವರ ಅಜ್ಜಿ ಕಾಗಕ್ಕನದು ಹೆಂಡಿ (ಸಗಣಿ) ಮನಿ ಅಂದಿದ್ದಾಳೆ, ಕೆಲವರ ಅಜ್ಜಿ ಉಪ್ಪಿನ ಮನಿ. ಗುಬ್ಬಕ್ಕನದು ಕಲ್ಲಿನದು ಅನ್ನುವವರೂ ಇದ್ದಾರೆ, ಮೇಣದ್ದು ಅನ್ನುವವರೂ ಇದ್ದಾರೆ. ಇದನ್ನು ತಿದ್ದಲು ಹೋಗಬಾರದು, ವಾದ ಐದು ನಿಮಿಷ ತಿನ್ನುತ್ತದೆ. "ಮಳಿ ಬಂದ್ರ ನಿಮ್ಮ ಮನಿ ಹೆಂಗ ಹೋಗ್ತೈತಿ, ಮೈಯಾಗ ತೋರಸ್ರಿ" ಅಂದರೆ ವಾದವೇ ಆಟವಾಗುತ್ತದೆ. ಹೆಂಡಿಯಾದರೆ ಕುಸಿಯಬೇಕು, ಉಪ್ಪಾದರೆ ಕರಗಬೇಕು. ಇವತ್ತು ಉಪ್ಪಿನ ಮನೆಯೇ ಆಯಿತು.

ಮೊದಲು ಜಾಗ. ಮೇಜುಗಳನ್ನು ಗೋಡೆಗೆ ಸರಿಸಿ ನಡುವೆ ಹತ್ತು ಅಡಿ ಅಗಲದ ಸುತ್ತು ಸೀಮೆಸುಣ್ಣದಲ್ಲಿ ಬರೆಯಬೇಕು. ಗೆರೆ ದಾಟಿದರೆ ಆಟದ ಒಳಗೆ, ಈಚೆ ಬಂದರೆ ನೋಡುವವರು. ಕಲಿಕಾ ಚಪ್ಪರದ, ಅಂದರೆ ತಲೆಯ ಮೇಲೆ ಮಕ್ಕಳ ಚಿತ್ರ ತೂಗುಹಾಕುವ ದಾರಗಳನ್ನು ಒಂದು ಬದಿಗೆ ಕಟ್ಟದಿದ್ದರೆ ರೆಕ್ಕೆ ಎತ್ತಿದ ಮೂರನೆಯ ತರಗತಿಯವರ ಕೈ ಸಿಕ್ಕಿಕೊಂಡು ಚಿತ್ರಗಳೆಲ್ಲ ಕೆಳಗೆ ಬೀಳುತ್ತವೆ. ಸುತ್ತಿನ ಮೂರು ಬದಿಗೆ ಜಮಖಾನೆ, ಬಾಗಿಲ ಕಡೆ ಖಾಲಿ.

ಆಮೇಲೆ ನಿಲ್ಲಿಸುವ ಗುರುತು. ಇದನ್ನು ಕಲಿಸದೆ ಮುಂದಿನದಕ್ಕೆ ಹೋದರೆ ಗದ್ದಲವೇ ಗತಿ. ಹಲಗಿ ವಾದ್ಯ ಕೋಣೆಯೊಳಗೆ ಕಿವಿ ಕಿತ್ತುಹೋಗುವಷ್ಟು ಜೋರು; ಚಪ್ಪಾಳೆ ಮಕ್ಕಳ ಚಪ್ಪಾಳೆಯಲ್ಲೇ ಮುಳುಗುತ್ತದೆ. ಭಜನೆಯ ತಾಳ ಸರಿ. ಒಮ್ಮೆ ಬಾರಿಸಿದರೆ ಇದ್ದಲ್ಲೇ ಕಲ್ಲು, ಎರಡು ಸಲ ಬಾರಿಸಿದರೆ ಮತ್ತೆ ಜೀವ. ತಾಳದ ಒಂದು ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ: ಬಾರಿಸಿದ ಮೇಲೂ ಅದರ ದನಿ ತೆಳುವಾಗುತ್ತ ಹೋಗುತ್ತದೆ. "ದನಿ ಪೂರ್ತಿ ಹೋದ ಮ್ಯಾಲೆ ಕೈ ಎತ್ರಿ" ಅಂದರೆ ಇಪ್ಪತ್ತೆಂಟು ಮಕ್ಕಳೂ ಉಸಿರು ಹಿಡಿದು ಕೇಳುತ್ತಾರೆ. ಒಂದನೆಯವರು ಬೇಗ ಎತ್ತುತ್ತಾರೆ, ಮೂರನೆಯವರು ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟಿರುತ್ತಾರೆ. "ಸುಮ್ಕಿರ್ರಿ" ಎಂದು ಕೂಗಿ ತರಿಸುವ ಮೌನ ಇಷ್ಟು ಹೊತ್ತು ನಿಲ್ಲುವುದಿಲ್ಲ.

ಹಕ್ಕಿಗಳ ವಿಷಯಕ್ಕೆ ಬಂದರೆ, ಹೇಳದೆ ಬಿಟ್ಟರೆ ಎಲ್ಲರೂ ಎರಡೂ ಕೈ ಬಡಿಯುತ್ತ ಓಡುತ್ತಾರೆ. ಕಾಗೆಯೂ ಅದೇ, ಗುಬ್ಬಿಯೂ ಅದೇ, ವಿಮಾನವೂ ಅದೇ. ನಿನ್ನೆ ಬಿಸಿಯೂಟದ ಹೊತ್ತಿನಲ್ಲಿ ತಟ್ಟೆ ತೊಳೆಯುವ ಜಾಗಕ್ಕೆ ಬರುವ ಕಾಗೆಗಳನ್ನು ನೋಡಿಕೊಂಡು ಬರಲು ಮಕ್ಕಳಿಗೆ ಹೇಳಿದ್ದೆ. ಕಾಗೆ ಒಂದೊಂದೇ ಕಾಲಿಟ್ಟು ನಡೆಯುತ್ತದೆ, ಅವಸರವಿದ್ದಾಗ ಮಾತ್ರ ಪಕ್ಕಕ್ಕೆ ಕುಪ್ಪಳಿಸುತ್ತದೆ, ಅನ್ನದ ಅಗುಳನ್ನು ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುತ್ತದೆ. ಗುಬ್ಬಿ ಎರಡೂ ಕಾಲು ಜೋಡಿಸಿ ಪುಟಪುಟ ಜಿಗಿಯುತ್ತದೆ. ಇಷ್ಟು ಸಾಕು. ಕತ್ತು ಓರೆಯಾದ ಕೂಡಲೇ ಮಗುವಿನ ಮುಖ ತಾನೇ ಬದಲಾಗುತ್ತದೆ. ಮುಖವಾಡ ಬೇಡವೇ ಬೇಡ: ರಟ್ಟಿನ ಕಣ್ಣು ಮಗುವಿನ ಕಣ್ಣಿಗೆ ಹೊಂದುವುದಿಲ್ಲ, ದಾರ ಕಿವಿ ಕೊರೆಯುತ್ತದೆ, ಆಡುವ ಬದಲು ಮುಖವಾಡ ಹಿಡಿದುಕೊಳ್ಳುವುದೇ ಕೆಲಸವಾಗುತ್ತದೆ. ಒಂದು ಮೀಟರ್ ಕಪ್ಪು ಬಟ್ಟೆ ಸೊಂಟಕ್ಕೆ ಸುತ್ತಿದರೆ ಕಾಗಕ್ಕ ಸಿದ್ಧ. ಗುಬ್ಬಕ್ಕನಿಗೆ ಒಂದು ಹಳೆಯ ಕಂದು ಟವೆಲ್.

ಮಳೆಯನ್ನು ಅಂಗೈಯಲ್ಲೇ ತರಿಸಬಹುದು. ಒಂದು ಬೆರಳು ಅಂಗೈ ಮೇಲೆ, ಆಮೇಲೆ ಎರಡು, ಮೂರು, ನಾಲ್ಕು, ಪೂರ್ತಿ ಚಪ್ಪಾಳೆ, ಕೊನೆಗೆ ತೊಡೆ. ಏರುವುದು ಸುಲಭ, ಇಳಿಯುವುದೇ ಕಷ್ಟ. ತೊಡೆಯಿಂದ ಒಂದು ಬೆರಳಿಗೆ ಬರುವಷ್ಟರಲ್ಲಿ ಅರ್ಧ ಮಕ್ಕಳು ಚಪ್ಪಾಳೆಯಲ್ಲೇ ಉಳಿದಿರುತ್ತಾರೆ, ಯಾಕೆಂದರೆ ಗದ್ದಲದಲ್ಲಿ ಬಾಯಿ ಮಾತು ಕೇಳಿಸುವುದಿಲ್ಲ. ಬೆರಳು ಎತ್ತಿ ತೋರಿಸಬೇಕು, ಅದನ್ನೂ ಮೂರನೆಯವಳೊಬ್ಬಳ ಕೈಗೆ ಒಪ್ಪಿಸಬೇಕು. ಕಾಲು ಬಡಿಯುವುದನ್ನು ಬಿಟ್ಟದ್ದು ಒಳ್ಳೆಯದೇ ಆಯಿತು, ಒಮ್ಮೆ ಶುರುವಾದರೆ ಅದು ನಿಲ್ಲುವುದಿಲ್ಲ.

ಪಾತ್ರ ಹಂಚಿಕೆ ಹೀಗೆ: ಕಾಗಕ್ಕ ಒಬ್ಬಳು, ಗುಬ್ಬಕ್ಕ ಒಬ್ಬಳು, ಒಂದೊಂದು ಮನೆಗೆ ನಾಲ್ವರು, ಉಳಿದ 18 ಮಂದಿ ಆರಾರರ ಮೂರು ಸಾಲಿನಲ್ಲಿ ಮಳೆ. ಯಾರೂ ಸುಮ್ಮನೆ ಕೂರುವಂತಿಲ್ಲ. ಗುಬ್ಬಕ್ಕನ ಮನೆಯವರು ಬೆನ್ನಿಗೆ ಬೆನ್ನು ಕೊಟ್ಟು ಮೊಣಕೈ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಾರೆ. ಉಪ್ಪಿನ ಮನೆಯವರು ಬೆರಳ ತುದಿಗಳನ್ನಷ್ಟೇ ತಾಗಿಸಿ ಚಾವಣಿ ಮಾಡುತ್ತಾರೆ. ಇಲ್ಲಿ "ಬೀಳ್ರಿ" ಅನ್ನಬಾರದು. ಅಂದರೆ ನಾಲ್ವರೂ ಒಮ್ಮೆಲೇ ಧೊಪ್ಪನೆ ಬಿದ್ದು ತಲೆಗೆ ತಲೆ ಬಡಿಯುತ್ತದೆ. "ಕರಗ್ರಿ" ಅನ್ನಬೇಕು, ಎಂಟರವರೆಗೆ ಎಣಿಸಬೇಕು: ಮೊದಲು ಬೆರಳು, ಆಮೇಲೆ ಮೊಣಕೈ, ಭುಜ, ಕತ್ತು, ಮೊಣಕಾಲು, ಕೊನೆಗೆ ನೆಲ. ಏಳಕ್ಕೆ ಬರುವಾಗ ಕೋಣೆಯಲ್ಲಿ ಎಲ್ಲರ ಕಣ್ಣೂ ಆ ಮನೆಯ ಮೇಲೇ ಇರುತ್ತದೆ.

ಇಷ್ಟೆಲ್ಲ ಬಾಗಿಲಿಗಾಗಿ. ಈ ಕಥೆಯ ನಾಟಕವಿರುವುದು ಕಾಗಕ್ಕ ಹೊರಗೆ ನಿಂತಿರುವಷ್ಟು ಹೊತ್ತು, ಹಾಗಾಗಿ 12 ನಿಮಿಷ ಅದಕ್ಕೇ ಇಡಬೇಕು.

"ಗುಬ್ಬಕ್ಕಾ ಗುಬ್ಬಕ್ಕಾ, ಬಾಗಲಾ ತಗಿ."

"ತಡೀ ಕಾಗಕ್ಕಾ, ರೊಟ್ಟಿ ಬಡಿಯಾಕತ್ತೀನಿ."

ನಿಯಮ ಒಂದೇ: ಹೇಳಿದ ಕೆಲಸವನ್ನು ಗುಬ್ಬಕ್ಕ ಪೂರ್ತಿ ಮಾಡಿ ಮುಗಿಸಬೇಕು, ಅಲ್ಲಿಯವರೆಗೆ ಬಾಗಿಲಿಲ್ಲ. ಎರಡನೆಯ ತರಗತಿಯವಳು ಮೊದಲ ಸಲ ಗಾಳಿಯಲ್ಲಿ ನಾಲ್ಕು ಸಲ ಪಟಪಟ ಬಡಿದು ಮುಗಿಯಿತೆಂದಳು. ತಪ್ಪು ಅನ್ನಲಿಲ್ಲ. "ಒಲಿ ಎಲ್ಲೈತಿ?" ಎಂದಷ್ಟೇ ಕೇಳಿದೆ. ಅವಳು ತೋರಿಸಿದಳು. "ಹಂಚು?" ಅದನ್ನೂ ತೋರಿಸಿದಳು. ಆಮೇಲೆ ಎಸರು ಹಾಕಿ ಹಿಟ್ಟು ನಾದಿದಳು, ಉಂಡೆ ಮಾಡಿ ಒಣ ಹಿಟ್ಟು ಉದುರಿಸಿದಳು, ಬಲಗೈ ಬಡಿಯುತ್ತ ಎಡಗೈ ರೊಟ್ಟಿ ತಿರುಗಿಸಿತು, ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿದಳು. ದಿನಾ ಅಡುಗೆಮನೆಯಲ್ಲಿ ನೋಡಿದ್ದು ಕೈಗೆ ಬಂತು. ಅಷ್ಟು ಹೊತ್ತೂ ಹೊರಗೆ ಮಳೆ, ಕಾಗಕ್ಕ ನಿಂತೇ ಇದ್ದಾಳೆ. ಅಭಿನಯ ಅನ್ನುವ ಮಾತನ್ನೇ ಎತ್ತದೆ ಅಭಿನಯ ಬರುವುದು ಇಲ್ಲಿ.

ಎರಡನೆಯ ಸಲ ಕೂಸಿಗೆ ನೀರು ಎರಿಯುವುದು, ಮೂರನೆಯ ಸಲ ತೊಟ್ಟಿಲು ತೂಗುವುದು. ಕಾಗಕ್ಕನ ಮಾತು ಮೂರೂ ಸಲ ಅದೇ, ಬದಲಾಗಬೇಕಾದ್ದು ದನಿ. "ಸಿಟ್ಟು ಮಾಡು", "ಅಳು" ಅಂದರೆ ಮಕ್ಕಳು ಹುಬ್ಬು ಗಂಟಿಕ್ಕಿ ಕಿರುಚುತ್ತಾರೆ, ಇಲ್ಲವೇ ಕಣ್ಣುಜ್ಜಿಕೊಂಡು ನಗುತ್ತಾರೆ. ಅದರ ಬದಲು ನೀರು ಎಲ್ಲಿಗೆ ಬಂತು ಎಂದು ಹೇಳಬೇಕು. ಮೊದಲ ಸಲ ಕಾಲು ತೊಯ್ದಾವು. ಎರಡನೆಯ ಸಲ ರೆಕ್ಕಿ ತೊಯ್ದಾವು, ಎತ್ತಾಕ ಬರವಲ್ದು. ಮೂರನೆಯ ಸಲ ಮೈ ನಡಗಾಕತ್ತೈತಿ. ಮೂರನೆಯ "ಬಾಗಲಾ ತಗಿ" ಇವತ್ತು ಬಹಳ ಸಣ್ಣದಾಗಿ ಬಂತು, ಮಳೆಯ ಸಾಲಿನವರು ತಾವಾಗಿಯೇ ಒಂದು ಬೆರಳಿಗೆ ಇಳಿದರು. ದನಿ ಸಣ್ಣದಾದರೂ ದೂರದ ಗೋಡೆಗೆ ಮುಟ್ಟಬೇಕು. ಅದಕ್ಕೆ ಗೋಡೆಯ ಬಳಿ ಕುಳಿತ ಮಗು ಮಾತು ಕೇಳಿಸಿದಾಗ ಕೈ ಎತ್ತುವುದು. "ಜೋರಾಗಿ ಹೇಳು" ಎಂದು ನಡುವೆ ಬಾಯಿ ಹಾಕುವುದು ತಪ್ಪುತ್ತದೆ.

ಕೊನೆಗೆ ಸಾರಥಿ. ದೊಡ್ಡಾಟ ಎಂಬ ಬಯಲಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಹೆಸರು, ಊರು, ಬಂದ ಕಾರಣ ಕೇಳುತ್ತಾನೆ. ಈ ಸೀಮೆಯ ಆಟದ ಈ ಪದ್ಧತಿ ತರಗತಿಗೆ ಹೇಳಿ ಮಾಡಿಸಿದಂತಿದೆ. ಶಿಕ್ಷಕರು ಹೆಗಲಿಗೆ ಟವೆಲ್ ಹಾಕಿಕೊಂಡು ಕೇಳಬೇಕು: "ಬಂದಂಥವರು ತಾವು ಯಾರು?" ಹೆಸರು ಹಿಡಿದು ಕೇಳಿದರೆ ಬಾಯಿ ಬಿಡದ ಮಗು ಕಾಗಕ್ಕನಾಗಿ ಉತ್ತರ ಕೊಡುತ್ತದೆ, ಯಾಕೆಂದರೆ ಕೇಳಿದ್ದು ಅದನ್ನಲ್ಲ, ಕಾಗಕ್ಕನನ್ನು. ಗುಬ್ಬಕ್ಕನಿಗೆ ಕೇಳಿದ್ದು: "ಅಷ್ಟು ಹೊತ್ತು ಬಾಗಲಾ ಯಾಕ ತಗೀಲಿಲ್ರಿ?" ರೊಟ್ಟಿ, ಕೂಸು ಎಂಬ ಉತ್ತರ ಬರುತ್ತದೆಂದುಕೊಂಡರೆ ಬಂದದ್ದು ಬೇರೆ: "ಕಾಗಿ ಮರಿ ತಿಂತೈತ್ರಿ." ನಿಜವೇ, ಗುಬ್ಬಿಗೂಡಿನ ಮರಿಗಳನ್ನು ಕಾಗೆ ಎತ್ತಿಕೊಂಡು ಹೋಗುತ್ತದೆ. ಎರಡನೆಯ ಸುತ್ತಿನಲ್ಲಿ ಹೊಸ ಗುಬ್ಬಕ್ಕ ಬಾಗಿಲು ತೆಗೆಯುವ ಮೊದಲು ತೊಟ್ಟಿಲನ್ನು ಮೂಲೆಗೆ ಸರಿಸಿ ಮೇಲೆ ಟವೆಲ್ ಮುಚ್ಚಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಕಾಗಕ್ಕ ಒಲೆಯ ಬಳಿ ಸುಟ್ಟುಕೊಳ್ಳುವ ಕೊನೆಯನ್ನು ಆಡಿಸಲಿಲ್ಲ. ಆರು ವರ್ಷದವರು ಅದನ್ನು ದೂಡಾಟ ಮಾಡಿಬಿಡುತ್ತಾರೆ. ಮೂಲೆಯಲ್ಲಿ ಕೂತು ರಾತ್ರಿಯೆಲ್ಲ ಕುರುಂ ಕುರುಂ ಎಂದು ಪುಟಾಣಿ (ಹುರಿಗಡಲೆ) ತಿನ್ನುವ ಕೊನೆಯೇ ಸಾಕು, ಅದಕ್ಕೆ ಇಪ್ಪತ್ತೆಂಟು ಬಾಯಿಯೂ ತಯಾರು.

ಗ್ಯಾದರಿಂಗಿಗೆ (ಶಾಲೆಯ ವಾರ್ಷಿಕ ಸಮಾರಂಭಕ್ಕೆ) ಇದನ್ನೇ ಮಾತು ಬರೆದು ಬಾಯಿಪಾಠ ಮಾಡಿಸಿ ಎನ್ನುವವರು ಇದ್ದೇ ಇರುತ್ತಾರೆ. ಈ ವಯಸ್ಸಿಗೆ ಅದು ಬೇಡ. ಬಾಯಿಪಾಠದ ಮಗು ಚಾವಣಿ ನೋಡುತ್ತ ಮಾತಾಡುತ್ತದೆ, ಪಕ್ಕದವಳ ಮಾತಿಗೂ ತುಟಿ ಆಡಿಸುತ್ತದೆ, ಒಂದು ಸಾಲು ತಪ್ಪಿದರೆ ಅಲ್ಲೇ ನಿಂತುಬಿಡುತ್ತದೆ. ಮಾಡುವ ಕೆಲಸ ಕೈಯಲ್ಲಿದ್ದರೆ ಮಾತು ಮರೆತರೂ ಆಟ ನಿಲ್ಲದು. ತೋರಿಸಲೇಬೇಕಾದರೆ ಪಾಲಕರನ್ನೇ ಜಮಖಾನೆಯ ಮೇಲೆ ಸುತ್ತ ಕೂರಿಸಿ ಮಳೆ ಅವರಿಂದ ತರಿಸಬೇಕು.

ಸೋಮವಾರಕ್ಕೆ: ಸಾಲು ಬದಲು, ಮಳೆಯ ಮೊದಲ ಸಾಲು ಮನೆಯಾಗಬೇಕು. ಬಾಗಿಲು ಬಡಿಯಲು ಬೆಂಚಿನ ಮರ ಬೇಕು. ಇವತ್ತು ಗಾಳಿಯಲ್ಲಿ ಬಡಿದು ಬಾಯಲ್ಲಿ "ಟಕ್ ಟಕ್" ಅಂದಾಗ ಗುಬ್ಬಕ್ಕನಿಗೆ ಮಳೆಯ ಸದ್ದಿನಲ್ಲಿ ಕೇಳಿಸಲೇ ಇಲ್ಲ.