ಮಕ್ಕಳೆಲ್ಲ ಒಟ್ಟಿಗೆ ಕೂತು ಕೇಳಲಿ

ಕೊನೆಗಾಲದಲ್ಲಿರುವ ರೋಗಿಗಳನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಪ್ಯಾಲಿಯೇಟಿವ್ ಕೇರ್ ನರ್ಸ್ ನಾನು. ಡ್ರೆಸ್ಸಿಂಗ್, ಕ್ಯಾಥೆಟರ್, ನೋವಿನ ಔಷಧಿ ಎಲ್ಲವೂ ಇದೆ. ಆದರೆ ಅದಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಮಕ್ಕಳ ಜೊತೆ ಮಾತಾಡುವುದರಲ್ಲಿ. ಮಕ್ಕಳು ಅಂದರೆ ತಾವೇ ಐವತ್ತು ದಾಟಿದವರು.

ಒಡಹುಟ್ಟಿದವರ ಜಗಳ ಶುರುವಾಗುವುದು ಚಿಕಿತ್ಸೆಯ ಹೆಸರಲ್ಲಿ. ಮೂಗಿಗೆ ಟ್ಯೂಬ್ ಹಾಕಿಸಬೇಕಾ, ಐಸಿಯುಗೆ ಸೇರಿಸಬೇಕಾ, ಡ್ರಿಪ್ ಬೇಕಾ? ಪ್ರೀತಿ ಎಲ್ಲರಿಗೂ ಇದೆ. ಕಂಡದ್ದು ಮಾತ್ರ ಒಬ್ಬೊಬ್ಬರದು ಒಂದೊಂದು. ಜೊತೆಗಿರುವ ಮಗಳು ಅಮ್ಮ ದಿನದಿನಕ್ಕೆ ಸೊರಗುವುದನ್ನು ನೋಡಿದ್ದಾಳೆ. ದೂರದ ಮಗನ ಕಣ್ಣಲ್ಲಿ ಇರುವುದು ಹೋದ ಸಲ ಬಾಗಿಲವರೆಗೂ ನಡೆದು ಬಂದ ಅಮ್ಮ. ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿದ್ದೀನಪ್ಪ" ಅಂತ ಅವರೇ ಹೇಳಿರುತ್ತಾರೆ. ಅವನಾದರೂ ಏನು ಮಾಡಬೇಕು?

ದೂರದಿಂದ ಬಂದವರು ಚೀಲ ಇಳಿಸುವ ಮೊದಲೇ "ಯಾಕೆ ಯಾರೂ ಏನೂ ಮಾಡ್ತಿಲ್ಲ?" ಎಂದು ಕೇಳುವುದು ಎಷ್ಟು ಸಾಮಾನ್ಯ ಅಂದರೆ, ವೈದ್ಯರಲ್ಲಿ ಇದಕ್ಕೊಂದು ಹೆಸರೇ ಇದೆ. 1991ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರ ಲೇಖನ ಇದನ್ನು 'ಕ್ಯಾಲಿಫೋರ್ನಿಯಾದ ಮಗಳ ಸಿಂಡ್ರೋಮ್' ಎಂದು ಕರೆಯಿತು. ನನಗೆ ಆ ಹೆಸರು ಹಿಡಿಸುವುದಿಲ್ಲ. ಬಂದವರನ್ನು ತೊಂದರೆ ಕೊಡುವವರ ಸಾಲಿಗೆ ಸೇರಿಸಿಬಿಡುತ್ತದೆ. ಅವರ ಸಿಟ್ಟಿನ ಒಳಗೆ ಇರುವುದು ತಾನು ಇಷ್ಟು ದಿನ ಇಲ್ಲಿರಲಿಲ್ಲವಲ್ಲ ಎಂಬ ಸಂಕಟ.

ಹಾಗಾಗಿ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಡಾಕ್ಟರ್ ಪರಿಸ್ಥಿತಿ ಹೇಳುವಾಗ ಮಕ್ಕಳೆಲ್ಲ ಒಟ್ಟಿಗೆ ಕೇಳಬೇಕು. ಬರಲಾಗದವರು ವಿಡಿಯೋ ಕಾಲ್‌ನಲ್ಲಾದರೂ ಇರಬೇಕು. ಒಬ್ಬರಿಗೆ ಹೇಳಿ, ಅವರು ಉಳಿದವರಿಗೆ ಹೇಳುವ ಏರ್ಪಾಡು ಬೇಡವೇ ಬೇಡ. "ಇನ್ನು ಗುಣವಾಗೋದಿಲ್ಲವಂತೆ" ಎಂದು ಅಕ್ಕ ಫೋನಿನಲ್ಲಿ ಹೇಳಿದರೆ, ತಮ್ಮನ ಕಿವಿಗೆ ಅದು ಅಕ್ಕನೇ ಮಾಡಿದ ತೀರ್ಮಾನದ ಹಾಗೆ ಕೇಳುತ್ತದೆ. ಆ ಭಾರ ಅವಳ ಮೇಲೆ ಯಾಕೆ ಹಾಕಬೇಕು?

ಕೂತ ಮೇಲೆ ಮೊದಲು ಪ್ರತಿಯೊಬ್ಬರನ್ನೂ ಕೇಳುತ್ತೇವೆ: ನಿಮಗೆ ಏನು ಗೊತ್ತಿದೆ, ಯಾವುದರ ಭಯ? ಆಮೇಲೆ, ಅಮ್ಮನಿಗೆ ಏನು ಬೇಕು? ಅವರಿಗೆ ಮಾತು, ಎಚ್ಚರ ಎರಡೂ ಇದ್ದರೆ ಅವರನ್ನೇ ಕೇಳುತ್ತೇವೆ. ಎಷ್ಟೋ ಮನೆಗಳಲ್ಲಿ ಅಲ್ಲಿಯವರೆಗೆ ಯಾರೂ ಕೇಳಿಯೇ ಇರುವುದಿಲ್ಲ.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ವಿಷಯಕ್ಕಂತೂ ಪ್ರತಿ ಮನೆಯಲ್ಲೂ ವಾದ. ಒಬ್ಬರು ಹೊತ್ತಿಗೆ ಸರಿಯಾಗಿ ಕೊಡುತ್ತಾರೆ, ಇನ್ನೊಬ್ಬರು ಹೆದರಿ ಒಂದು ಡೋಸ್ ಬಿಡುತ್ತಾರೆ. ಬೇಗ ಕೆಲಸ ಮಾಡುವ ಮಾತ್ರೆಯ ಪರಿಣಾಮ ಸಾಮಾನ್ಯವಾಗಿ 4 ಗಂಟೆ. ಬಿಟ್ಟರೆ ನೋವು ವಾಪಸ್ ಬರುತ್ತದೆ, ಮತ್ತೆ ಅದನ್ನು ಹಿಡಿತಕ್ಕೆ ತರುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಗಡಿಯಾರ ನೋಡಿ ಔಷಧಿ ಕೊಡಿ ಎಂದು ಹೇಳಿತ್ತು. ನೋವಿಗೆ ತಕ್ಕಂತೆ ಡಾಕ್ಟರ್ ಹೊಂದಿಸಿದ ಡೋಸ್ ಸಾವನ್ನು ಬೇಗ ತರುವುದಿಲ್ಲ. ಮಲಬದ್ಧತೆ ಮಾತ್ರ ಖಂಡಿತ ತರಬಹುದು, ಅದಕ್ಕೆ ಜೊತೆಗೇ ಔಷಧಿ ಬೇಕು. ಕೊಟ್ಟ ಹೊತ್ತು, ಎಷ್ಟು ಕೊಟ್ಟಿದ್ದು, ನೋವು ಹೇಗಿತ್ತು, ಹೊಟ್ಟೆ ಸರಿಹೋಯಿತಾ, ಎಲ್ಲವನ್ನೂ ಒಂದೇ ನೋಟ್‌ಬುಕ್‌ನಲ್ಲಿ ಬರೆಯಲು ಹೇಳುತ್ತೇನೆ. ಹೊಸದಾಗಿ ಬಂದವರು ಅದನ್ನು ಓದಿದರೆ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಊಟದ ಮಾತು ಇನ್ನೂ ನಾಜೂಕು. "ಅಪ್ಪನ್ನ ಉಪವಾಸ ಕೆಡವುತ್ತಿದ್ದೀಯಾ" ಅನ್ನುವ ಮಾತು ಜೀವಮಾನವಿಡೀ ಚುಚ್ಚುತ್ತದೆ. ಕೊನೆಯ ದಿನಗಳಲ್ಲಿ ದೇಹಕ್ಕೆ ಹಸಿವೇ ಇಲ್ಲದಂತಾಗುತ್ತದೆ. ಒತ್ತಾಯ ಮಾಡಿ ತಿನ್ನಿಸಿದರೆ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಕೇಳಿದರೆ ಒಂದು ಗುಟುಕು ಕೊಡಿ, ತುಟಿ, ಬಾಯಿ ಒದ್ದೆಯಾಗಿಡಿ ಎಂದು ಎಲ್ಲರ ಎದುರಿಗೇ ಹೇಳುತ್ತೇನೆ.

ಬಂದವರಿಗೆ ಒಂದು ರಾತ್ರಿಯ ಪಾಳಿ ಕೊಡಿ ಎಂದೂ ಕೇಳಿಕೊಳ್ಳುತ್ತೇನೆ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ, ಒದ್ದೆಯಾದ ಹಾಸಿಗೆ ಬಟ್ಟೆ ತೆಗೆದು, ಬೆನ್ನಿಗೂ ಹಿಮ್ಮಡಿಗೂ ಹುಣ್ಣಾಗಿದೆಯಾ ಎಂದು ನೋಡಿದ ಮೇಲೆ ಬೆಳಿಗ್ಗೆ ಕೇಳುವ ಪ್ರಶ್ನೆಗಳೇ ಬೇರೆ. ತಿಂಗಳುಗಟ್ಟಲೆ ನೋಡಿಕೊಂಡವಳಿಗೆ ಆ ಒಂದು ರಾತ್ರಿ ನಿದ್ದೆಯಾದರೂ ಸಿಗುತ್ತದೆ ಅಲ್ವಾ? ಅವಳು ತಾನಾಗಿ ಕೇಳುವುದಿಲ್ಲ. ಯಾರಾದರೂ ಅವಳ ಪರವಾಗಿ ಕೇಳಬೇಕು.

ಕೊನೆಯ ದಿನಗಳ ಲಕ್ಷಣಗಳನ್ನೂ ಮೊದಲೇ, ಎಲ್ಲರಿಗೂ ಹೇಳುತ್ತೇನೆ. ಉಸಿರು ನಡುನಡುವೆ ನಿಂತು ಮತ್ತೆ ಶುರುವಾಗಬಹುದು. ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ಪಕ್ಕಕ್ಕೆ ಮಲಗಿಸಿದರೆ ಸದ್ದು ಕಡಿಮೆಯಾಗುತ್ತದೆ. ಕೈಕಾಲು ತಣ್ಣಗಾಗುತ್ತವೆ. ಇದು ಗೊತ್ತಿಲ್ಲದವರು ನಡುರಾತ್ರಿ ಗಾಬರಿಯಾಗಿ ಆಂಬುಲೆನ್ಸ್ ಕರೆಯುತ್ತಾರೆ. ಮನೆಯಲ್ಲೇ ಇರಬೇಕು ಎಂದಿದ್ದ ಅಮ್ಮನಿಗೆ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡ್ ಕೊನೆಯ ಜಾಗವಾಗುತ್ತದೆ.

ಮಾತು ನಿಂತ ಮೇಲೂ ಕಿವಿ ಕೇಳುತ್ತಿರಬಹುದು. 2020ರಲ್ಲಿ ಕೆನಡಾದ ಸಂಶೋಧಕರು ಪ್ರತಿಕ್ರಿಯೆ ನಿಂತುಹೋಗಿದ್ದ ಕೆಲವು ರೋಗಿಗಳ ಮೆದುಳು ಸಾವಿಗೆ ಕೆಲವೇ ಗಂಟೆ ಮೊದಲೂ ಶಬ್ದಕ್ಕೆ ಸ್ಪಂದಿಸಿದ್ದನ್ನು ದಾಖಲಿಸಿದರು. ಅದಕ್ಕೇ, ವಾದ ಮಾಡುವುದಿದ್ದರೆ ಪಕ್ಕದ ಕೋಣೆಗೆ ಹೋಗಿ, ಇಲ್ಲಿ ಅವರ ಜೊತೆ ಮಾತಾಡಿ ಎಂದು ನೇರವಾಗಿಯೇ ಹೇಳುತ್ತೇನೆ. ಹಾಗೆ ಹೇಳಿದ್ದಕ್ಕೆ ಇವತ್ತಿನವರೆಗೆ ಯಾರೂ ನನ್ನ ಮೇಲೆ ಸಿಟ್ಟಾಗಿಲ್ಲ.