ನಿಮ್ಮ ತಾತ ಯುದ್ಧದ ಕಥೆ ಹೇಳ್ತಿದ್ರಾ?

ನಮ್ಮ ತಾತ ಮಿಲಿಟ್ರಿಯಲ್ಲಿದ್ದರು ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವುದು ಇದನ್ನೇ. ಕಳೆದ ವರ್ಷ ಅವರು ತೀರಿಕೊಂಡಾಗ ತಿಥಿ ಊಟಕ್ಕೆ ಬಂದವರೂ ಕೇಳಿದರು, ಆಫೀಸಿನವರೂ ಕೇಳಿದರು. "71ರ ಯುದ್ಧದಲ್ಲಿ ಇದ್ರಂತೆ. ಮನೇಲಿ ಕಥೆ ಹೇಳ್ತಿದ್ರಾ?"

ಹೇಳುತ್ತಿದ್ದರು. ಆದರೆ ನೀವು ಅಂದುಕೊಂಡಿರುವ ಕಥೆಯಲ್ಲ.

ತಾತ ಹುಟ್ಟಿದ್ದು 1934ರಲ್ಲಿ, ಪಾಂಡವಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಂದ ಹೊಸತು. ನೀರು ಬಂತು, ಆದರೆ ಇದ್ದದ್ದು ಚೂರು ಜಮೀನು, ಪಾಲಿಗೆ ನಾಲ್ಕು ಜನ ಅಣ್ಣತಮ್ಮಂದಿರು. 20ರ ಪ್ರಾಯಕ್ಕೆ ಬೆಂಗಳೂರಿಗೆ ಹೋಗಿ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಸೇರಿಕೊಂಡರು. 1780ರಿಂದ ಇರುವ ಪಡೆ ಅದು. ದಕ್ಷಿಣದ ಹುಡುಗರೇ ಜಾಸ್ತಿ, ಹಾಗಾಗಿ ಸೇನೆಯಲ್ಲಿ ಅವರನ್ನು 'ತಂಬಿ'ಗಳು ಅಂತಾರೆ. ಸ್ಯಾಪರ್ ಅಂದರೆ ಸೇತುವೆ ಕಟ್ಟುವವನು, ದಾರಿ ಮಾಡುವವನು, ತುಳಿದರೆ ಸಿಡಿಯುವ ಮೈನ್‌ಗಳನ್ನು ನೆಲದಲ್ಲಿ ಹೂಳುವವನು. ಹೂತಿದ್ದನ್ನು ತೆಗೆಯುವವನೂ ಅವನೇ. 1978ರಲ್ಲಿ ಹವಾಲ್ದಾರ್ ಆಗಿ ಊರಿಗೆ ಬಂದರು.

ಜನ ಕೇಳಬೇಕು ಅಂದುಕೊಳ್ಳುವ ಕಥೆ ಬಸಂತರ್ ನದಿಯದ್ದು. 1971ರ ಡಿಸೆಂಬರ್ 15ರ ರಾತ್ರಿ, ಗಡಿಯಾಚೆ ಪಾಕಿಸ್ತಾನದ ಶಕರ್‌ಗಢ ವಲಯ. ನದಿಯ ಆಚೆ ಈಚೆ ಪಾಕಿಸ್ತಾನದವರು ದಟ್ಟವಾಗಿ ಮೈನ್ ಹೂತಿದ್ದರು. ನಮ್ಮ 17 ಪೂನಾ ಹಾರ್ಸ್‌ನ ಟ್ಯಾಂಕ್‌ಗಳಿಗೆ ಆ ನೆಲದಲ್ಲಿ ದಾರಿ ಬಿಡಿಸಿಕೊಟ್ಟವರು 9 ಎಂಜಿನಿಯರ್ ರೆಜಿಮೆಂಟಿನ ಮದ್ರಾಸ್ ಸ್ಯಾಪರ್‌ಗಳು. ದಾರಿ ಪೂರ್ತಿ ತೆರವಾಗುವ ಮೊದಲೇ ಟ್ಯಾಂಕ್‌ಗಳು ನುಗ್ಗಬೇಕಾಯಿತು. ಮಾರನೇ ದಿನ 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ತಮ್ಮ ಟ್ಯಾಂಕ್‌ನಲ್ಲೇ ಪ್ರಾಣ ಕೊಟ್ಟರು. ಪರಮವೀರ ಚಕ್ರ ಬಂತು. ತಾತ ಅದೇ ರೆಜಿಮೆಂಟಿನಲ್ಲಿದ್ದರು, ಆ ರಾತ್ರಿ ಅಲ್ಲೇ ಇದ್ದರು. ಇದಿಷ್ಟನ್ನೂ ನಾನು ತಿಳಿದುಕೊಂಡದ್ದು ಓದಿ. ಅವರನ್ನು ಕೇಳಿದರೆ, "ಬಲೇ ಚಳಿ ಕಣವ್ವ. ಕೆಲಸ ಆಯ್ತು" ಅಂದು ಎದ್ದು ಹೋಗುತ್ತಿದ್ದರು.

ಅವರು ತಾವಾಗಿಯೇ ಹೇಳುತ್ತಿದ್ದದ್ದು ಯುದ್ಧ ಮುಗಿದ ಮೇಲಿನ ಕಥೆ. ಡಿಸೆಂಬರ್ 17ಕ್ಕೆ ಪಶ್ಚಿಮದಲ್ಲೂ ಗುಂಡು ನಿಂತಿತು. ಸ್ಯಾಪರ್‌ಗಳ ಕೆಲಸ ನಿಲ್ಲಲಿಲ್ಲ. ಗಡಿ ಕಾಯಲು ನಮ್ಮವರೂ ನಮ್ಮದೇ ರೈತರ ಗೋಧಿ ಹೊಲಗಳಲ್ಲಿ ಮೈನ್ ಹೂತಿದ್ದರಲ್ಲ, ಅದನ್ನೆಲ್ಲ ತೆಗೆಯಬೇಕಿತ್ತು. ಎಲ್ಲಿ ಹೂತಿದ್ದು ಅನ್ನುವ ನಕ್ಷೆ ಇರುತ್ತೆ. ಆದರೂ ನೆಲ ನಂಬುವ ಹಾಗಿಲ್ಲ. ಹೊಟ್ಟೆ ಮೇಲೆ ಮಲಗಿ, ಕಬ್ಬಿಣದ ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತಾ ಹೋಗಬೇಕು. ನೇರ ಚುಚ್ಚಿದರೆ ಮೈನಿನ ತಲೆಗೇ ತಾಗುತ್ತೆ. ಓರೆಯಾಗಿ ಹೋದರೆ ಪಕ್ಕಕ್ಕೆ ತಾಗಿ 'ಟಕ್' ಅನ್ನುತ್ತೆ. ತಾತ ಇದನ್ನು ನನಗೆ ಜಗಲಿಯ ಪಕ್ಕದ ಮಣ್ಣಿನಲ್ಲಿ ಕೊಡೆಯ ಕಡ್ಡಿ ಹಿಡಿದು ತೋರಿಸಿದ್ದರು. ಆಗ ಅವರಿಗೆ 80 ದಾಟಿತ್ತು. ಕಡ್ಡಿ ಹಿಡಿದ ಬೆರಳು ಒಂದು ಚೂರೂ ನಡುಗಲಿಲ್ಲ.

ಒಂದು ಹೊಲ ಮುಗಿದ ಮೇಲೆ ಇವರೇ ಸಾಲಾಗಿ ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ತೋರಿಸುತ್ತಿದ್ದರಂತೆ. ರೈತನಿಗೆ ಧೈರ್ಯ ಬರಬೇಕಲ್ಲ. ಹಾಗೆ ನಡೆದು ಬಂದಾಗ ಬದುವಿನ ಮೇಲೆ ಕೂತಿದ್ದ ಮುದುಕ ಎದ್ದು ಬಂದು ಒಂದೇ ಮಾತು ಕೇಳಿದನಂತೆ: ಎತ್ತು ಬಿಡಬಹುದಾ? "ಅವನಿಗೆ ತನ್ನ ಕಾಲಿನ ಚಿಂತೆ ಇರಲಿಲ್ಲ ಕಣವ್ವ, ಎತ್ತಿನ ಕಾಲಿನ ಚಿಂತೆ" ಅನ್ನುತ್ತಿದ್ದರು ತಾತ. ಈ ಕಥೆಯನ್ನು ನಾವು ಮೊಮ್ಮಕ್ಕಳೆಲ್ಲ ಎಷ್ಟು ಸಲ ಕೇಳಿದ್ದೀವೋ. ಪ್ರತಿ ಸಲ ಆ ಮುದುಕ ಬರುವ ಹೊತ್ತಿಗೆ ತಾತನ ದನಿ ಬದಲಾಗುತ್ತಿತ್ತು.

ಒಬ್ಬ ಬೇಸಾಯಗಾರನ ಮಗ ಪರ ಊರಿನ ಬೇಸಾಯಗಾರನಿಗೆ ಅವನ ಹೊಲ ವಾಪಸ್ ಕೊಟ್ಟಿದ್ದು. ತಮ್ಮ 24 ವರ್ಷದ ನೌಕರಿಯಲ್ಲಿ ತಾತ ಹೆಮ್ಮೆ ಪಟ್ಟಿದ್ದು ಅದೊಂದಕ್ಕೇ ಅಂತ ನನಗೆ ಅನ್ನಿಸುತ್ತೆ.

ಇನ್ನೊಂದು ಕಥೆ ಇದೆ. ಅದನ್ನು ಹೇಳಿದ್ದು ತಾತ ಅಲ್ಲ, ಅಜ್ಜಿ.

ಆಗ ರಜೆಗೆ ಬರುವುದೇ ದೊಡ್ಡ ಪ್ರಯಾಣ. ಪಠಾಣ್‌ಕೋಟ್‌ನಿಂದ ದೆಹಲಿ, ಅಲ್ಲಿಂದ ಜಿ.ಟಿ. ಎಕ್ಸ್‌ಪ್ರೆಸ್‌ನಲ್ಲಿ ಮದ್ರಾಸು, ಮದ್ರಾಸಿನಿಂದ ಬೆಂಗಳೂರು, ಆಮೇಲೆ ಮೀಟರ್ ಗೇಜ್ ಗಾಡಿಯಲ್ಲಿ ಪಾಂಡವಪುರ. ಹೋಗಿಬರುವುದಕ್ಕೇ ವಾರಕ್ಕಿಂತ ಜಾಸ್ತಿ. ಹಾಗಾಗಿ ಸಂಸಾರ ನಡೆದದ್ದು ಮನಿಯಾರ್ಡರ್ ಮತ್ತು ಇನ್‌ಲ್ಯಾಂಡ್ ಕಾಗದದಲ್ಲಿ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಊರಿನ ಮೇಷ್ಟ್ರು ಬಂದು ಜಗಲಿಯಲ್ಲಿ ಕೂತು, ಅತ್ತೆ ಮಾವ ನಾದಿನಿಯರ ಮುಂದೆ ಜೋರಾಗಿ ಓದಬೇಕು. ಎಮ್ಮೆ ಕರು ಹಾಕಿತಾ, ಕಬ್ಬಿನ ದುಡ್ಡು ಬಂತಾ, ದೊಡ್ಡವನಿಗೆ ಜ್ವರ ಬಿಟ್ಟಿತಾ. ಕೊನೆಯಲ್ಲಿ ಯಾವಾಗಲೂ ಒಂದು ಸಾಲು: "ಹಿತ್ತಲ ಕನಕಾಂಬರಕ್ಕೆ ನೀರು ತಪ್ಪಿಸಬೇಡಿ. ಬಿಸಿಲಿಗೆ ಬಾಡದ ಹಾಗೆ ನೋಡಿಕೊಳ್ಳಿ."

ಹಿತ್ತಲಲ್ಲಿ ಇದ್ದದ್ದು ತಿಪ್ಪೆಗುಂಡಿ, ಎರಡು ತೆಂಗಿನ ಮರ. "ಯಾವ ಕನಕಾಂಬರವೋ, ಅಲ್ಲಿ ಇವನ ತಲೆ ಕೆಟ್ಟಿದೆ" ಅಂತ ಮುತ್ತಜ್ಜಿ ಬೈಯುತ್ತಿದ್ದರಂತೆ. ಅಜ್ಜಿ ಮಾತಾಡದೆ ಕಾಗದ ಮಡಚಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಮದುವೆಯಲ್ಲಿ ಅವರು ಮುಡಿದಿದ್ದದ್ದು ಕನಕಾಂಬರ. "ಅದು ನನಗೆ ಕಣೆ" ಅಂತ ಅಜ್ಜಿ ಬಾಯಿಬಿಟ್ಟಿದ್ದು ನನ್ನ ಮದುವೆಯ ಹಿಂದಿನ ದಿನ. ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಿವೃತ್ತಿಯಾಗಿ ಬಂದ ತಾತ ಮೊದಲು ಮಾಡಿದ್ದು ತಿಪ್ಪೆಗುಂಡಿ ಆಚೆಗೆ ಹಾಕಿಸಿ ಎರಡು ಸಾಲು ಕನಕಾಂಬರ ನೆಟ್ಟಿದ್ದು. ಆಮೇಲಿನ ಬದುಕು ಎಲ್ಲ ಮನೆಗಳ ಹಾಗೆಯೇ. ಗದ್ದೆ, ಆಲೆಮನೆ, ಹೆಣ್ಣುಮಕ್ಕಳ ಮದುವೆ, ತಿಂಗಳಿಗೊಮ್ಮೆ ಬಸ್ಸು ಹತ್ತಿ ಮೈಸೂರಿನ ಕ್ಯಾಂಟೀನಿಗೆ. ಮಿಲಿಟ್ರಿ ಕ್ಯಾಂಟೀನ್ ಅಂದರೆ ಊರವರಿಗೆ ರಮ್ ನೆನಪಾಗುತ್ತಿತ್ತು. ತಾತ ತರುತ್ತಿದ್ದದ್ದು ಸೋಪು, ಹಾರ್ಲಿಕ್ಸ್, ಮಕ್ಕಳಿಗೆ ಬಿಸ್ಕತ್ತು. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವಾಗ ಬದುವಿನ ಮೇಲೆ ಅವರಿಗಿಂತ ಮುಂದೆ ಕಾಲಿಡಲು ನಮ್ಮನ್ನು ಬಿಡುತ್ತಿರಲಿಲ್ಲ. ಟಾರ್ಚು, ಕೋಲು, ಮುಂದೆ ತಾತ, ಹಿಂದೆ ನಾವು.

ಕೊನೆಯ ಆರೇಳು ವರ್ಷ ಅಜ್ಜಿಗೆ ಲಕ್ವ ಹೊಡೆದು ಒಂದು ಕಡೆ ಬಿದ್ದುಹೋಯಿತು. ಅಪ್ಪ ಆಳು ಗೊತ್ತುಮಾಡಿದ್ದರು. ತಾತ ಒಪ್ಪಲಿಲ್ಲ. ಬೆಳಿಗ್ಗೆ 5ಕ್ಕೆ ಎದ್ದು ನೀರು ಕಾಯಿಸಿ, ಮೈ ಒರೆಸಿ, ಹಾಸಿಗೆ ಬದಲಾಯಿಸಿ, ತಲೆ ಬಾಚುತ್ತಿದ್ದರು. ಜಡೆ ಹಾಕುವುದನ್ನು ನನ್ನ ಅತ್ತೆಯಿಂದ ಹೇಳಿಸಿಕೊಂಡು ಕಲಿತರು. ಮೊದಮೊದಲು ಸಡಿಲವಾಗಿ ಬಿಚ್ಚಿಹೋಗುತ್ತಿತ್ತು, ಆಮೇಲೆ ನಮಗಿಂತ ಚೆನ್ನಾಗಿ ಹಾಕುತ್ತಿದ್ದರು. ಹೂ ಕಟ್ಟಲು ಮಾತ್ರ ಬರಲಿಲ್ಲ. ಸೂಜಿ ದಾರದಲ್ಲಿ ಪೋಣಿಸಿ ಮುಡಿಸುತ್ತಿದ್ದರು.

ಅವರ ಟ್ರಂಕಿನಲ್ಲಿ 1965ರ ಸಮರ ಸೇವಾ ಸ್ಟಾರ್, 1971ರ ಪಶ್ಚಿಮಿ ಸ್ಟಾರ್, ಇನ್ನೂ ಕೆಲವು ಪದಕ ಸಿಕ್ಕವು. ಅಜ್ಜಿ ಕೂಡಿಟ್ಟಿದ್ದ ಇನ್‌ಲ್ಯಾಂಡ್ ಕಾಗದಗಳೂ ಅದರಲ್ಲೇ ಇದ್ದವು. ಪದಕಗಳನ್ನು ಫ್ರೇಮ್ ಹಾಕಿಸೋಣ ಅಂದ ನನ್ನ ತಮ್ಮ. ಜೊತೆಗೆ ಒಂದು ಕಾಗದವನ್ನೂ ಸೇರಿಸಿ ಮೈಸೂರಿನ ಅಂಗಡಿಯಲ್ಲಿ ಕೊಟ್ಟು ಬಂದಿದ್ದೀನಿ. ಕನಕಾಂಬರದ ಸಾಲು ಮಡಿಕೆಯಲ್ಲಿ ಮುಚ್ಚಿಹೋಗದ ಹಾಗೆ ಹಾಕಿ ಅಂತ ಹೇಳಿದ್ದೀನಿ. ಮುಂದಿನ ವಾರ ಕೊಡುತ್ತಾರಂತೆ.